ಕೋಸಿನ ಚೀಟಿ



ಕಳೆದ ತಿಂಗಳು ಇದೇ ಪುಟದಲ್ಲಿ ನಮ್ಮ ಶಾಲೆಯ ಹಾಜರಿ ಪುಸ್ತಕದ ವಿಚಾರವನ್ನು ಪ್ರಸ್ತಾಪಿಸಿದ್ದೆನಷ್ಟೆ. ಅದನ್ನು ಓದಿದ ಜತ್ತ ಕಡೆಯ ಸೋದರಿಯೊಬ್ಬರು ಪತ್ರ ಬರೆದು, "ಕೊಯ್ಲಿನ ದಿನ ಮಕ್ಕಳು ಶಾಲೆ ತಪ್ಪಿಸುತ್ತಾರೆಂದು ಬರೆದಿದ್ದೀರಿ. ಕೊಯ್ಲು ಮುಗಿದ ಮರುದಿನವೂ ಏಕೆ ಬರುವುದಿಲ್ಲ?" ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಮರುದಿನ ಅವರು ತಂದೆಯೊಡನೆ ಮಾರುಕಟ್ಟೆಗೆ ಹೋಗಿರುತ್ತಾರೆ. ಅಲ್ಲಿ ಮಕ್ಕಳಿಗೇನು ಕೆಲಸ ಎಂಬುದನ್ನು ಹೇಳಹೊರಟರೆ ಈ ತಿಂಗಳ ಪುಟ ಪೂರ್ತಿ ಬೇಕಾಗುತ್ತದೆ.

ಹೊಸ ಓದುಗರಿಗಾಗಿ ಎರಡು ಮಾತು. ನಮ್ಮದು ತಾಳವಾಡಿ ಸೀಮೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಗಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯವನ್ನು ಸೇರಿತು. ನಾವು ಮದರಾಸು ರಾಜ್ಯದಲ್ಲಿಯೇ ಉಳಿದೆವು. ಈಗ ಈರೋಡು ಜಿಲ್ಲೆಗೆ ಸೇರಿದ್ದೇವೆ. ಮನೆಯ ಮಾತು ಕನ್ನಡ, ಜಮೀನಿನ ಪಟ್ಟಾ ತಮಿಳು. ಒಂದು ಕಡೆ ಇಳಿದರೆ ಇಪ್ಪತ್ತೇಳು ತಿರುವುಗಳ ದಿಂಬಂ ಘಟ್ಟ, ಅದರ ಬುಡದಲ್ಲಿ ಬಣ್ಣಾರಿ, ಮುಂದೆ ಸತ್ಯಮಂಗಲ. ಇನ್ನೊಂದು ಕಡೆ ಹೋದರೆ ಗಡಿ ದಾಟಿ ಚಾಮರಾಜನಗರ. ನಡುವೆ ಎಲ್ಲ ಕಡೆಯೂ ಕಾಡು.

ನಮ್ಮ ತಂದೆಯವರ ಕಾಲದಲ್ಲಿ ಇಲ್ಲಿ ರಾಗಿ, ಜೋಳ, ಹುರುಳಿ, ಅವರೆ ಬೆಳೆಯುತ್ತಿದ್ದರು. ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ವ್ಯಾಪಾರಿ ಕೇಳಿದ ಬೆಲೆ ಒಪ್ಪಿಗೆಯಾಗದಿದ್ದರೆ "ಮುಂದಿನ ತಿಂಗಳು ಬಾರಪ್ಪ" ಎಂದು ಕಳುಹಿಸುವ ಧೈರ್ಯ ಆ ಹಗೇವಿನೊಳಗೆ ಇರುತ್ತಿತ್ತು. ಕೊಳವೆ ಬಾವಿಗಳು ಬಂದವು. ಅವುಗಳ ಹಿಂದೆಯೇ ಎಲೆಕೋಸು, ಟೊಮ್ಯಾಟೊ, ಬೀಟ್‌ರೂಟ್, ಆಲೂಗಡ್ಡೆ, ಬೆಳ್ಳುಳ್ಳಿ ಬಂದವು. ಇವುಗಳಿಂದ ನಾಲ್ಕು ಕಾಸು ಕೈಗೆ ಬಂದದ್ದೂ ಉಂಟು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಕೋಸಿಗೆ ಹಗೇವಿಲ್ಲ. ಕೊಯ್ದ ಮೇಲೆ ಅದು ರೈತನನ್ನು ಕಾಯುವುದಿಲ್ಲ. ರೈತನೂ ಅದನ್ನು ಇಟ್ಟುಕೊಂಡು ಕಾಯುವಂತಿಲ್ಲ.

ಮೂರು ವರ್ಷಗಳ ಹಿಂದಿನ ಮಾತು. ಏಳನೆಯ ತರಗತಿಯ ಹುಡುಗನೊಬ್ಬ ಎರಡು ದಿನ ಗೈರುಹಾಜರಾಗಿ ಮೂರನೆಯ ದಿನ ಬಂದ. ಕಾರಣ ಕೇಳಿದಾಗ ಜೇಬಿನಿಂದ ನಾಲ್ಕಾಗಿ ಮಡಿಸಿದ ಬಿಳಿಯ ಚೀಟಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ಘಟ್ಟದ ಕೆಳಗಿನ ತರಕಾರಿ ಮಂಡಿಯೊಂದರ ಲೆಕ್ಕದ ಚೀಟಿ ಅದು. ಅದರ ಮೇಲೆ ಅಂಗಡಿಯ ಹೆಸರಿಲ್ಲ, ಸಹಿಯಿಲ್ಲ, ಕ್ರಮಸಂಖ್ಯೆಯಿಲ್ಲ. ಬರವಣಿಗೆಯೆಲ್ಲ ತಮಿಳು. ತಂದೆಗೆ ಕನ್ನಡ ಓದಲು ಬರುತ್ತದೆ, ತಮಿಳು ಆಡಲು ಮಾತ್ರ ಬರುತ್ತದೆ. ಆದ್ದರಿಂದ ಮಗನನ್ನು ಕರೆದೊಯ್ದಿದ್ದ. 2006ರ ಕಾಯಿದೆಯ ತರುವಾಯ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯವಾಯಿತು. ಆ ಕುರಿತು ನಮ್ಮವರಲ್ಲಿ ಇರುವ ಅಳಲು ಬೇರೆ, ಅದನ್ನು ಇನ್ನೊಂದು ತಿಂಗಳಿಗಿಡೋಣ. ಮಂಡಿಯ ಮುಂದೆ ಮಾತ್ರ ಹುಡುಗನ ತಮಿಳು ತಂದೆಗೆ ಕಣ್ಣಾಗಿತ್ತು.

ಅಂದಿನ ಗಣಿತದ ಪಾಠವನ್ನು ಬದಿಗಿಟ್ಟು, ಹುಡುಗನ ಅನುಮತಿ ಪಡೆದು, ಆ ಚೀಟಿಯನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಶಿಕ್ಷಕ ತರಬೇತಿಯಲ್ಲಿ ನಮಗೆ 'ಬದುಕಿನಿಂದಲೇ ಉದಾಹರಣೆಗಳನ್ನು ಆರಿಸಿಕೊಳ್ಳಿ' ಎಂದು ಬೋಧಿಸಿದ್ದರು. ಆ ಬೋಧನೆಯನ್ನು ಅಷ್ಟು ಚಾಚೂ ತಪ್ಪದೆ ಪಾಲಿಸಿದ್ದು ಅದೇ ಮೊದಲು. ಲೆಕ್ಕ ಹೀಗಿತ್ತು. ಮನೆಯಲ್ಲಿ ತುಂಬಿದ ಕೋಸು 20 ಚೀಲ, ಚೀಲಕ್ಕೆ 60 ಕಿಲೋ. ಒಟ್ಟು 1,200 ಕಿಲೋ. ಮಂಡಿಯಲ್ಲಿ ಚೀಲವೊಂದಕ್ಕೆ 3 ಕಿಲೋ ಸೂಟು ತೆಗೆದರು. ಹೊರ ಎಲೆ, ತೇವ, ಚೀಲದ ತೂಕ ಇತ್ಯಾದಿ ನೆಪಗಳು. ಉಳಿದದ್ದು 1,140 ಕಿಲೋ. ಅಂದಿನ ಬೆಲೆ ಕಿಲೋಗೆ 6 ರೂ.; ಮೊತ್ತ 6,840 ರೂ. ಇದರಲ್ಲಿ ನೂರಕ್ಕೆ ಹತ್ತರಂತೆ ಕಮಿಷನ್ 684, ಹಮಾಲಿ 200, ಲಾರಿ ಬಾಡಿಗೆ 1,000, ಚೀಲದ ಬಾಬ್ತು 300, 'ಇತರೆ' ಎಂಬ ಹೆಸರಿನಲ್ಲಿ 50. ಎಲ್ಲ ಕಳೆದು 4,606 ರೂ. ಕೊಯ್ದು ತುಂಬಿದ ಐವರು ಆಳುಗಳ ಕೂಲಿ 2,000 ಹೋದರೆ 2,606. ಮಂಡಿಯವರ ಹಳೆಯ ಮುಂಗಡಕ್ಕೆ ಮುರಿದುಕೊಂಡದ್ದು 2,000. ತಂದೆಯ ಕೈಯಲ್ಲಿ ಉಳಿದದ್ದು 606 ರೂಪಾಯಿ. ಬೀಜ, ಗೊಬ್ಬರ, ಔಷಧಿ, ಮೂರು ತಿಂಗಳ ನೀರು, ಹಂದಿ ಆನೆಗಳಿಗೆ ಹೆದರಿ ಕಾದ ರಾತ್ರಿಗಳು ಇವು ಯಾವುವೂ ಈ ಲೆಕ್ಕದಲ್ಲಿಲ್ಲ. ಅದೇ ದಿನ ಪೇಟೆಯ ಅಂಗಡಿಯಲ್ಲಿ ಕೋಸು ಕಿಲೋಗೆ 20 ರೂ. ಇತ್ತೆಂದು ಹುಡುಗ ತಾನಾಗಿಯೇ ಹೇಳಿದ. ಅವನು ನೋಡಿಕೊಂಡು ಬಂದಿದ್ದ.

ತರಗತಿಯಲ್ಲಿ ಸದ್ದಿರಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಮೇಷ್ಟ್ರೇ, ಸೂಟು ಅಂತ ತೆಗೆದ 60 ಕೆ.ಜಿ. ಕೋಸನ್ನ ಅವರು ಬಿಸಾಕಿದ್ರಾ, ಮಾರಿದ್ರಾ?" ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆ ತೋಚಿರಲಿಲ್ಲ.

ನಾನು ಈ ಸಂದರ್ಭದಲ್ಲಿ ಮಾಡಿದ ಒಂದು ತಪ್ಪನ್ನು ಮರೆಮಾಚದೆ ಹೇಳಬೇಕು. ಅಂದು ಸಂಜೆಯೇ ಹುಡುಗನ ಮನೆಗೆ ಹೋದೆ. ಜಗುಲಿಯ ಮೇಲೆ ಕುಳಿತು ತಂದೆಗೆ ಉಪದೇಶ ಮಾಡಿದೆ. ಕರ್ನಾಟಕದ ಕೃಷಿ ಉತ್ಪನ್ನ ಮಾರಾಟ ಕಾಯಿದೆ 1966ರದು. ಅಲ್ಲಿ ದಲ್ಲಾಳಿಗಳು ಕಮಿಷನನ್ನು ಕೊಳ್ಳುವವನಿಂದ ಪಡೆಯಬೇಕೇ ಹೊರತು ರೈತನಿಂದ ಪಡೆಯುವಂತಿಲ್ಲ. ಘಟ್ಟ ಇಳಿಯುವ ಗೋಜೇಕೆ, ನಮ್ಮ ಮಾತನ್ನೇ ಆಡುವ ಜನರಿರುವ ಕಡೆಗೆ ಕೋಸನ್ನು ಒಯ್ಯೋಣ, ನಾನೂ ಬರುತ್ತೇನೆ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಮೇಷ್ಟರು ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆಂದು ಒಪ್ಪಿದನೆಂದು ಈಗ ನನಗೆ ತೋರುತ್ತದೆ.

ಮುಂದಿನ ಶನಿವಾರ ಗೂಡ್ಸ್ ಆಟೋ ಒಂದನ್ನು ಗೊತ್ತುಮಾಡಿ ಹತ್ತು ಚೀಲ ಕೋಸಿನೊಡನೆ ಗಡಿಯಾಚೆಯ ಒಂದು ಮಾರುಕಟ್ಟೆಗೆ ಹೋದೆವು. ತಲುಪಿದಾಗ ಬೆಳಿಗ್ಗೆ ಎಂಟು ಗಂಟೆ. ನನ್ನ ಲೆಕ್ಕದಲ್ಲಿ ಅದು ಶಾಲೆಯ ಪ್ರಾರ್ಥನೆಗೂ ಮುಂಚಿನ ಹೊತ್ತು; ಮಾರುಕಟ್ಟೆಯ ಲೆಕ್ಕದಲ್ಲಿ ಸಂಜೆಯಾಗಿತ್ತು. ದೊಡ್ಡ ಖರೀದಿದಾರರು ನಸುಕಿನಲ್ಲಿಯೇ ಕೊಂಡು ಲಾರಿ ತುಂಬಿ ಹೊರಟುಹೋಗಿದ್ದರು. ಉಳಿದವರು ಗುಡ್ಡೆ ಹಾಕಿ ಮಾರುವ ಸಣ್ಣ ವ್ಯಾಪಾರಿಗಳು. ಪರಿಚಯವಿಲ್ಲದ ರೈತನ ಹತ್ತು ಚೀಲವನ್ನು ಹರಾಜಿಗೆ ಇಡಲು ಯಾವ ದಲ್ಲಾಳಿಯೂ ಮುಂದೆ ಬರಲಿಲ್ಲ. ಕಡೆಗೆ ಬಂದವನೊಬ್ಬ ನೂರಕ್ಕೆ ಹತ್ತು ಕೇಳಿದ. ನಾನು ಕಾಯಿದೆಯ ಮಾತೆತ್ತಿದೆ. ಅವನು ಕೋಪಿಸಿಕೊಳ್ಳಲಿಲ್ಲ, ನಕ್ಕು, "ಹಂಗಾದ್ರ ಕಾನೂನ್ಗೇ ಮಾರ್ಕಳಿ, ಮೇಷ್ಟ್ರೇ" ಎಂದು ಮುಂದಕ್ಕೆ ಹೋದ. ಬಿಸಿಲೇರಿತು. ಹನ್ನೆರಡರ ಹೊತ್ತಿಗೆ ಕೋಸಿನ ಹೊರ ಎಲೆಗಳು ಬಾಡಿ ಜೋತುಬಿದ್ದವು. ಕಿಲೋಗೆ 4 ರೂಪಾಯಿಯಂತೆ ಕೊಟ್ಟು ಬಂದೆವು. ಹಿಂತಿರುಗುವಾಗ ಆಟೋದಲ್ಲಿ ಮೂವರೂ ಮಾತನಾಡಲಿಲ್ಲ.

ವಿಷಯ ಅಲ್ಲಿಗೆ ಮುಗಿದಿದ್ದರೆ ಒಂದು ದಿನದ ನಷ್ಟವೆಂದು ಮರೆಯಬಹುದಾಗಿತ್ತು. ಸುದ್ದಿ ಘಟ್ಟದ ಕೆಳಗಿನ ಮಂಡಿಗೆ ಮುಟ್ಟಿತು. ಮುಂದಿನ ಹಂಗಾಮಿಗೆ ಮುಂಗಡ ಕೇಳಲು ಹೋದಾಗ, ಕೋಸು ಒಯ್ದ ಕಡೆಯೇ ಹಣವನ್ನೂ ಕೇಳಿಕೊಳ್ಳಬೇಕೆಂಬ ಉತ್ತರ ಬಂತು. ಆಗ ಆ ತಂದೆ ನನ್ನಲ್ಲಿಗೆ ಬಂದು ಬೈಯಲಿಲ್ಲ, ದೂರಲೂ ಇಲ್ಲ. "ನೀವು ಹೇಳಿದ್ದು ಸರಿನೇ ಮೇಷ್ಟ್ರೇ. ಆದ್ರ ನಾಳ ಬೀಜಕ್ಕ ದುಡ್ಡು ಯಾರು ಕೊಟ್ಟಾರು?" ಎಂದಷ್ಟೇ ಕೇಳಿದ. ಸೊಸೈಟಿಯಲ್ಲಿ ಬೆಳೆ ಸಾಲವಿಲ್ಲವೇ ಎಂದೆ. ಪಟ್ಟಾ ಇನ್ನೂ ಅವನ ತಾತನ ಹೆಸರಿನಲ್ಲಿದೆ. ನಾಲ್ವರು ದಾಯಾದಿಗಳಲ್ಲಿ ಇಬ್ಬರು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯ ಕೆಲಸದಲ್ಲಿದ್ದಾರೆ, ಎಲ್ಲರೂ ಕೂಡಿ ಸಹಿ ಹಾಕುವ ದಿನ ಬಂದಿಲ್ಲ. ಹೆಂಡತಿಯ ಓಲೆಯನ್ನು ಅಡವಿಟ್ಟು ಬೀಜ ತಂದರು. ಕೂಲಿಗೆ ಕಾಸಿಲ್ಲದೆ ಸಸಿ ನೆಡುವಾಗ ಆ ಹುಡುಗ ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹನ್ನೊಂದು ಗುರುತುಗಳನ್ನು ಹಾಕಿದ ಕೈ ನನ್ನದೇ.

ಅಂದಿನಿಂದ ನಾನು ದಲ್ಲಾಳಿಯನ್ನು ಬೈಯುವ ಭಾಷಣ ಮಾಡುವುದನ್ನು ಬಿಟ್ಟಿದ್ದೇನೆ. ಅವನು ಸಜ್ಜನನೆಂದಲ್ಲ. ಬೀಜಕ್ಕೆ ಹಣ ಕೊಡುವವನು, ಮಗಳ ಮದುವೆಗೆ ಸಾಲ ಕೊಡುವವನು, ಮಾಲು ಬಂದಾಗ ಎಷ್ಟೇ ಸಣ್ಣದಾದರೂ ಇಳಿಸಿಕೊಳ್ಳುವವನು ಅವನೊಬ್ಬನೇ ಆಗಿರುವವರೆಗೆ, ಅವನ ಕಮಿಷನ್ನು ಬಡ್ಡಿಯ ಇನ್ನೊಂದು ಹೆಸರು. ಸಾಲದ ಕಡೆಯಿಂದ ಬಿಡಿಸದೆ ಮಾರಾಟದ ಕಡೆಯಿಂದ ಮಾತ್ರ ಎಳೆದರೆ ಹಗ್ಗ ರೈತನ ಕೊರಳನ್ನೇ ಬಿಗಿಯುತ್ತದೆ. ನಾನು ಎಳೆದದ್ದು ಹಾಗೆಯೇ.

ಕಾಯಿದೆಗಳು ಇಲ್ಲವೆಂದೇನೂ ಅಲ್ಲ. ಮದರಾಸು ಪ್ರಾಂತದಲ್ಲಿ 1933ರಷ್ಟು ಹಿಂದೆಯೇ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯಿದೆ ಬಂತು. ಆ ಪರಂಪರೆಯ ನಿಯಂತ್ರಿತ ಮಾರುಕಟ್ಟೆಗಳು ಇಂದಿಗೂ ಅರಿಸಿನ, ಹತ್ತಿ, ಕಡಲೆಕಾಯಿ, ಕೊಬ್ಬರಿಗಳಿಗೆ ಆಸರೆಯಾಗಿವೆ. ತರಕಾರಿ ಬಹುಮಟ್ಟಿಗೆ ಖಾಸಗಿ ಮಂಡಿಗಳ ಪಾಲಾಯಿತು. ನೀಲಗಿರಿಯ ಬಂಧುಗಳು ತಮ್ಮ ಕ್ಯಾರೆಟ್ಟು ಬೀಟ್‌ರೂಟುಗಳನ್ನು ಮೇಟ್ಟುಪಾಳ್ಯದ ಮಂಡಿಗಳಿಗೆ ಇಳಿಸುವುದೂ ಇದೇ ದಾರಿಯಲ್ಲಿ. ಮಹಾರಾಷ್ಟ್ರ ಸರಕಾರವು 2016ರಲ್ಲಿ ಹಣ್ಣು ತರಕಾರಿಗಳನ್ನು ಮಾರುಕಟ್ಟೆ ಸಮಿತಿಗಳ ಕಟ್ಟಿನಿಂದ ಬಿಡಿಸಿ, ದಲಾಲಿಯ ಹೊರೆಯನ್ನು ರೈತನ ಹೆಗಲಿನಿಂದ ಖರೀದಿದಾರನ ಹೆಗಲಿಗೆ ದಾಟಿಸಿತು. ಆದರೂ 2023ರ ಫೆಬ್ರವರಿಯಲ್ಲಿ ನಡೆದುದನ್ನು ಅಕ್ಕಲಕೋಟೆ, ಸೊಲ್ಲಾಪುರಗಳ ನಮ್ಮ ಓದುಗರು ಮರೆತಿರಲಾರರು. ಬಾರ್ಶಿ ತಾಲ್ಲೂಕಿನ ರೈತರೊಬ್ಬರು 512 ಕಿಲೋ ಈರುಳ್ಳಿಯನ್ನು ಸೊಲ್ಲಾಪುರದ ಮಾರುಕಟ್ಟೆಗೆ ತಂದರು. ಕಿಲೋಗೆ ಸಿಕ್ಕಿದ್ದು 1 ರೂಪಾಯಿ. ಸಾಗಣೆ, ಹಮಾಲಿ, ತೂಕದ ಖರ್ಚುಗಳನ್ನು ಕಳೆದು ಅವರಿಗೆ ಉಳಿದದ್ದು 2 ರೂಪಾಯಿ 49 ಪೈಸೆ, ಕೈಗೆ ಬಂದದ್ದು 2 ರೂಪಾಯಿಯ ಚೆಕ್ಕು. ಅದೂ ಮುಂದಿನ ತಾರೀಖಿನದು. ಆ ಚೆಕ್ಕಿನ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನನ್ನ ಹುಡುಗನ ಚೀಟಿಗೂ ಅದಕ್ಕೂ ವ್ಯತ್ಯಾಸ ಅಂಕಿಗಳಲ್ಲಿ ಮಾತ್ರ. ಗಮನಿಸಿ: ಬೆಲೆ ಎಷ್ಟೇ ಕುಸಿಯಲಿ, ಚೀಲಕ್ಕಿಷ್ಟು ಎಂಬ ಬಾಡಿಗೆ, ಹಮಾಲಿಗಳು ಕುಸಿಯುವುದಿಲ್ಲ. ಬೆಲೆ ಇಳಿದಾಗ ಇಳಿತವೆಲ್ಲ ಬೆಳೆದವನ ತಲೆಯ ಮೇಲೆಯೇ ಬೀಳುತ್ತದೆ.

ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಗ್ರಾಹಕನು ಕೊಡುವ ಪ್ರತಿ ರೂಪಾಯಿಯಲ್ಲಿ ರೈತನಿಗೆ ಸೇರುವುದು ಟೊಮ್ಯಾಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಇದು ಸರಾಸರಿ. ಸರಾಸರಿಯ ಕೆಳಗೆ ನಿಲ್ಲುವವರು ಯಾರೆಂಬುದನ್ನು ಊಹಿಸಲು ದೊಡ್ಡ ಗಣಿತ ಬೇಡ: ಲಾರಿ ತುಂಬುವಷ್ಟು ಮಾಲಿಲ್ಲದವರು.

ಇದಕ್ಕೆ ನಮ್ಮ ದಾರಿಯ ಕಷ್ಟವನ್ನೂ ಸೇರಿಸಿಕೊಳ್ಳಿ. ತರಕಾರಿಯ ವ್ಯಾಪಾರ ರಾತ್ರಿಯ ವ್ಯಾಪಾರ. ಸಂಜೆ ತುಂಬಿದ್ದು ನಸುಕಿಗೆ ಮಂಡಿಯಲ್ಲಿರಬೇಕು. ಬಣ್ಣಾರಿಯಿಂದ ಕಾರಾಪಳ್ಳದವರೆಗಿನ ಕಾಡಿನ ದಾರಿಯಲ್ಲಿ ರಾತ್ರಿ ಸಂಚಾರದ ನಿರ್ಬಂಧ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿ 10ರಂದು ಜಾರಿಗೆ ಬಂತು. ಗುಂಡ್ಲುಪೇಟೆಯ ಕಡೆಯಿಂದ ವಯನಾಡಿಗೆ, ನೀಲಗಿರಿಗೆ ಹೋಗುವ ಬಂಡೀಪುರದ ದಾರಿಯಲ್ಲಿ 2009ರಿಂದಲೇ ಇಂಥ ನಿರ್ಬಂಧವಿದೆ. ವನ್ಯಜೀವಿಗಳ ಪ್ರಾಣವನ್ನು ಉಳಿಸುವ ಆದೇಶವನ್ನು ನಾನು ಆಕ್ಷೇಪಿಸುವವನಲ್ಲ. ದಾರಿಯಲ್ಲಿ ಸತ್ತು ಬಿದ್ದ ಕಡವೆಯನ್ನು ಮಕ್ಕಳೊಡನೆ ಕಂಡವನು ನಾನು. ಸ್ಥಳೀಯರಿಗೆ ರಿಯಾಯಿತಿಗಳೂ ದೊರೆತಿವೆ. ಆದರೆ ಹೊರಗಿನ ಲಾರಿಯವನು ಬರಲು ಹಿಂಜರಿದಾಗ ಬಾಡಿಗೆ ಏರುತ್ತದೆ, ಕೊಯ್ಲನ್ನು ಮಧ್ಯಾಹ್ನದ ಬಿಸಿಲಿನಲ್ಲಿಯೇ ಮುಗಿಸಬೇಕಾಗುತ್ತದೆ. ಬಿಸಿಲಿನಲ್ಲಿ ಕೊಯ್ದ ಕೋಸು ಮಂಡಿಯಲ್ಲಿ ಬಾಡಿದ ಮುಖದಿಂದ ನಿಲ್ಲುತ್ತದೆ. 2020ರ ವಸಂತದಲ್ಲಿ ಮಹಾರೋಗದ ಕಾರಣ ರಾಜ್ಯಗಳ ಗಡಿಗಳೆಲ್ಲ ಬಿಗಿಯಾದಾಗ ನಮ್ಮ ಕೋಸಿಗೆ ಘಟ್ಟವೂ ದೂರ, ಗಡಿಯೂ ದೂರವಾಯಿತು. ಕುರಿಗಳು ಅಷ್ಟು ಕೋಸನ್ನು ತಿಂದ ವರ್ಷ ಇನ್ನೊಂದಿಲ್ಲ.

ಬೆಳೆಯುವವರ ತಪ್ಪೂ ಇದೆ, ಹೇಳದಿದ್ದರೆ ಪಕ್ಷಪಾತವಾದೀತು. 2023ರ ಜುಲೈಯಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿತು. ಊರಿಗೆ ಊರೇ ಟೊಮ್ಯಾಟೊ ನೆಟ್ಟಿತು. ನೆಟ್ಟ ಸಸಿ ಕಾಯಿ ಕೊಡಲು ಎರಡು ಎರಡೂವರೆ ತಿಂಗಳು ಬೇಕು. ಸೆಪ್ಟೆಂಬರಿನಲ್ಲಿ ಬೆಲೆ ಹತ್ತರ ಕೆಳಗಿಳಿಯಿತು. ಕಳೆದುಹೋದ ಬೆಲೆಯನ್ನು ನೋಡಿ ಬಿತ್ತುವ ಈ ಚಟ ಓದಿದವರಿಗೂ ಬಿಟ್ಟಿಲ್ಲ. ಆ ವರ್ಷ ನನ್ನ ತಮ್ಮನೇ ಅರ್ಧ ಎಕರೆ ನೆಟ್ಟಿದ್ದ, ನಾನೇ ಹಣ ಕೊಟ್ಟಿದ್ದೆ.

ಉಳವರ್ ಸಂದೈ, ಎಂದರೆ ರೈತರ ಸಂತೆಯ ಮಾತನ್ನು ಕೆಲವರು ಕೇಳಬಹುದು. 1999ರ ನವೆಂಬರ್ 14ರಂದು ಮಧುರೆಯಲ್ಲಿ ಮೊದಲನೆಯದು ತೆರೆಯಿತು. ದಲ್ಲಾಳಿಯಿಲ್ಲ, ಕಮಿಷನಿಲ್ಲ, ಬೆಲೆಯನ್ನು ಪ್ರತಿದಿನ ಹಲಗೆಯ ಮೇಲೆ ಬರೆದು ಹಾಕುತ್ತಾರೆ, ತಕ್ಕಡಿಯನ್ನು ಅವರೇ ಕೊಡುತ್ತಾರೆ. ಉತ್ತಮ ಏರ್ಪಾಡು. ಆದರೆ ಅಲ್ಲಿ ಮಾರಲು ಜಮೀನಿನ ದಾಖಲೆಯನ್ನು ತೋರಿಸಿ ಗುರುತಿನ ಚೀಟಿ ಪಡೆಯಬೇಕು. ತಾತನ ಹೆಸರಿನ ಪಟ್ಟಾ ಇಲ್ಲಿಯೂ ಅಡ್ಡ ಬರುತ್ತದೆ, ಗುತ್ತಿಗೆಗೆ ಮಾಡುವವನ ಪಾಡಂತೂ ಹೇಳುವಂತಿಲ್ಲ. ಮೇಲಾಗಿ ಕುಳಿತು ಒಂದೊಂದು ಕಿಲೋ ಮಾರಲು ದಿನವಿಡೀ ಒಬ್ಬರು ಬೇಕು. ನೂರು ಕಿಲೋ ಬಗೆಬಗೆಯ ತರಕಾರಿಗೆ ಅದು ಹೇಳಿಮಾಡಿಸಿದ ಜಾಗ. ಒಂದೇ ದಿನ ಬಲಿಯುವ ಸಾವಿರ ಕಿಲೋ ಕೋಸಿಗೆ ಅಲ್ಲ.

ಈಗ ಆ ಹುಡುಗನ ಮನೆಯ ಕಡೆ ಏನು ನಡೆದಿದೆಯೆಂದು ಹೇಳುತ್ತೇನೆ. ಇದರಲ್ಲಿ ನನ್ನ ಹಿರಿಮೆ ಏನೂ ಇಲ್ಲ. ನನ್ನ ಉಪದೇಶದ ಅನುಭವವಾದ ಮೇಲೆ ಅವರೇ ಯೋಚಿಸಿಕೊಂಡದ್ದು. ಓಣಿಯ ಆರು ಮನೆಗಳವರು ಕೂಡಿ ಒಂದು ತಕ್ಕಡಿ ಕೊಂಡರು, ಅಂಕಿ ತೋರಿಸುವ ವಿದ್ಯುತ್ ತಕ್ಕಡಿ. ಹೊಲದಲ್ಲಿಯೇ ಪ್ರತಿ ಚೀಲವನ್ನು ತೂಗಿ, ತೂಕವನ್ನು ಚೀಲದ ಮೇಲೆ ಬಣ್ಣದಲ್ಲಿ ಬರೆದು ಕಳುಹಿಸುತ್ತಾರೆ. ಆರು ಮನೆಯ ಮಾಲು ಸೇರಿದರೆ ಒಂದು ವಾಹನ ತುಂಬುತ್ತದೆ. ಒಬ್ಬ ಗಂಡಸು ಸರದಿಯಂತೆ ಜೊತೆಗೆ ಹೋಗುತ್ತಾನೆ, ಉಳಿದ ಐವರ ಮಕ್ಕಳು ಶಾಲೆಗೆ ಬರುತ್ತಾರೆ. ಆರು ಮನೆಯವರೂ ಒಂದೇ ವಾರ ಸಸಿ ನೆಡುವುದನ್ನು ಬಿಟ್ಟು ಹದಿನೈದು ದಿನಗಳ ಅಂತರವಿಟ್ಟರು. ಮಂಡಿಯವರಿಗೆ ಬೆನ್ನು ತಿರುಗಿಸಲಿಲ್ಲ. ಮುಂಗಡವನ್ನು ಕಂತುಕಂತಾಗಿ ತೀರಿಸುತ್ತಿದ್ದಾರೆ, ಹೊಸದನ್ನು ಅರ್ಧದಷ್ಟೇ ಪಡೆಯುತ್ತಿದ್ದಾರೆ. ಚೀಲದ ಮೇಲೆ ತೂಕ ಬರೆದಿರುವುದನ್ನು ಕಂಡ ಮೇಲೆ ಸೂಟು ಮೂರು ಕಿಲೋದಿಂದ ಒಂದಕ್ಕೆ ಇಳಿದಿದೆ. ಕಮಿಷನ್ ಮಾತ್ರ ಹತ್ತೇ ಇದೆ. ಒಂದು ಮನೆಯವರು, ತಮ್ಮ ಒಳ್ಳೆಯ ಕೋಸನ್ನು ಇತರರ ಸಾಮಾನ್ಯ ಕೋಸಿನೊಡನೆ ಬೆರೆಸಿದರೆಂದು ಮುನಿಸಿಕೊಂಡು ಗುಂಪನ್ನು ಬಿಟ್ಟಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಬೇಸಗೆಯಲ್ಲಿ ಕೊಳವೆ ಬಾವಿ ಬತ್ತಿದಾಗ ಈ ಏರ್ಪಾಡು ಉಳಿಯುತ್ತದೆಯೋ ಇಲ್ಲವೋ ನೋಡಬೇಕು.

ಪಟ್ಟಾ ವರ್ಗಾವಣೆಯ ಅರ್ಜಿಯನ್ನು ಕಳೆದ ಪೊಂಗಲ್ ರಜೆಯಲ್ಲಿ, ತಿರುಪ್ಪೂರಿನ ಇಬ್ಬರೂ ಊರಿಗೆ ಬಂದಾಗ, ನಾನೇ ಕುಳಿತು ತಮಿಳಿನಲ್ಲಿ ಬರೆದುಕೊಟ್ಟೆ. ಇನ್ನೂ ಉತ್ತರವಿಲ್ಲ. ಓಲೆ ಅಡವಿನಿಂದ ಬಿಡುಗಡೆಯಾಗಿದೆ.

ಆ ಹುಡುಗ ಈಗ ಪ್ರೌಢಶಾಲೆಯಲ್ಲಿದ್ದಾನೆ. ಮೊನ್ನೆ ಬಂದು ಉದ್ದ ಗೆರೆಯ ನೋಟು ಪುಸ್ತಕವಿದೆಯೇ ಎಂದು ಕೇಳಿದ. ಹಳೆಯದರಲ್ಲಿ ಮನೆಯ ತೂಕ, ಮಂಡಿಯ ತೂಕ, ಅಂದಿನ ಬೆಲೆ, ಕಡಿತ ಎಂದು ನಾಲ್ಕು ಅಂಕಣಗಳಲ್ಲಿ ಬರೆದುಬರೆದು ಪುಟಗಳು ಮುಗಿದಿದ್ದವು. ಪುಸ್ತಕ ಕೊಟ್ಟೆ.

ಜತ್ತದ ಸೋದರಿಯವರಿಗೆ ಉತ್ತರ ದೊರೆಯಿತೆಂದು ನಂಬುತ್ತೇನೆ. ಪ್ರತಿಯಾಗಿ ಅವರಿಂದಲೂ ಹೊಸೂರು, ರಾಯದುರ್ಗ, ಆದೋನಿ, ಅಕ್ಕಲಕೋಟೆಗಳ ಬಂಧುಗಳಿಂದಲೂ ನನ್ನದೊಂದು ಕೋರಿಕೆ. ನಿಮ್ಮ ಮನೆಗೆ ಬಂದ ಮಾರಾಟದ ಚೀಟಿಯೊಂದನ್ನು ಪ್ರತಿಮಾಡಿ ಈ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಮಂಡಿಯ ಹೆಸರನ್ನೂ ನಿಮ್ಮ ಹೆಸರನ್ನೂ ಮುಚ್ಚಿಬಿಡಿ. ಯಾವ ಬಾಬ್ತಿಗೆ ಏನೆಂದು ಕರೆದು ಎಷ್ಟು ಕಳೆದಿದ್ದಾರೆಂಬುದು ಮಾತ್ರ ಸ್ಪಷ್ಟವಾಗಿರಲಿ. ಹಿಂದಿನ ಸಾಲಿನ ಆ ಹುಡುಗಿಯ ತಂಗಿ ಈಗ ಏಳನೆಯ ತರಗತಿಯಲ್ಲಿದ್ದಾಳೆ. ಚೀಟಿಗಳು ಬಂದರೆ ಆ ತರಗತಿಯವರಿಂದಲೇ ಲೆಕ್ಕ ಮಾಡಿಸಿ ಮುಂದಿನ ಸಂಚಿಕೆಯಲ್ಲಿ ಒಪ್ಪಿಸುತ್ತೇನೆ.